ಎರಡಡಿ ಟ್ಯಾಂಕಿನ ಕಾಂಬೊ: ಗಾಜು ಪಾಸು, ಮೀನು ಫೇಲು

ಅಕ್ವೇರಿಯಂ ಅಂಗಡಿಗೆ ಹೊಸಬರು ಹೋದರೆ ಮೊದಲು ತೋರಿಸುವುದು ಎರಡಡಿ ಟ್ಯಾಂಕಿನ ಕಾಂಬೊ. 24×12×12 ಇಂಚಿನ ಗಾಜಿನ ತೊಟ್ಟಿ, ಎಲ್‌ಇಡಿ ಇರುವ ಮುಚ್ಚಳ, ಒಳಗೆ ಅಂಟಿಸುವ ಪವರ್ ಫಿಲ್ಟರ್, ಬಣ್ಣದ ಕಲ್ಲು, ಜೊತೆಗೆ ಹತ್ತು ಹನ್ನೆರಡು ಮೀನು. ಸಾಮಾನಿನ ಬಗ್ಗೆ ಹೆಚ್ಚು ತಕರಾರಿಲ್ಲ. ಗಾಜಿನ ಜಾಯಿಂಟುಗಳಲ್ಲಿ ಸಿಲಿಕಾನ್ ಗುಳ್ಳೆಯಿಲ್ಲದೆ ಕೂತಿದೆಯೇ ನೋಡಿ, ತೊಟ್ಟಿಯ ಕೆಳಗೆ ಥರ್ಮಾಕೋಲ್ ಹಾಳೆ ಹಾಕಿಸಿಕೊಳ್ಳಿ, ಅಷ್ಟು ಸಾಕು. ಎಡವಟ್ಟಾಗುವುದು ಮೀನಿನ ಕವರಿನಲ್ಲಿ.

ಆ ಕವರಿನಲ್ಲಿ ಸಾಮಾನ್ಯವಾಗಿ ಇರುವುದು ಎರಡು ಗೋಲ್ಡ್ ಫಿಶ್, ಎರಡು ಏಂಜೆಲ್, ಎರಡು ಟೈಗರ್ ಬಾರ್ಬ್, ಒಂದು ಜೋಡಿ ಗಪ್ಪಿ, ಒಂದು ಫೈಟರ್, ‘ಕ್ಲೀನಿಂಗಿಗೆ’ ಅಂತ ಒಂದು ಸಕ್ಕರ್. ಎಲ್ಲವೂ ಎರಡಿಂಚಿನ ಆಸುಪಾಸಿನ ಪುಟ್ಟ ಮೀನುಗಳು, ನೋಡಲು ಚೆಂದ. ಲೆಕ್ಕ ಹಾಕಿದರೆ ತೊಟ್ಟಿ 56 ಲೀಟರ್. ಕಲ್ಲು, ಮೇಲಿನ ಖಾಲಿ ಜಾಗ ಕಳೆದು ನಿಲ್ಲುವ ನೀರು ಸುಮಾರು 45 ಲೀಟರ್, ಎತ್ತರ 23-24 ಸೆಂ.ಮೀ. ಬೆಳೆದ ಏಂಜೆಲ್ ರೆಕ್ಕೆ ಸೇರಿಸಿ 20 ಸೆಂ.ಮೀ. ಎತ್ತರ ದಾಟುತ್ತದೆ. ಸಕ್ಕರ್ ಒಂದಡಿ ಮೀರುತ್ತದೆ. ಬೆಳೆದ ಮೇಲೆ ಪಾಚಿ ತಿನ್ನುವುದು ಕಡಿಮೆ, ಸಗಣಿ ಹಾಕುವುದು ಜಾಸ್ತಿ. ರಾತ್ರಿ ಗೋಲ್ಡ್ ಫಿಶ್ಶಿನ ಮೈಗೆ ಅಂಟಿ ಲೋಳೆ ಹೀರುವ ಚಾಳಿಯೂ ಉಂಟು. ದೊಡ್ಡದಾಯಿತೆಂದು ಕೆರೆಗೆ ಬಿಡುವುದಂತೂ ಕೂಡದು, ಅದು ನಮ್ಮ ನೀರಿನ ಮೀನಲ್ಲ.

ಜಗಳದ ವಿಷಯಕ್ಕೆ ಬಂದರೆ, ಟೈಗರ್ ಬಾರ್ಬ್ ಎಂಟು ಹತ್ತರ ಗುಂಪಿನಲ್ಲಿದ್ದರೆ ತಮ್ಮತಮ್ಮಲ್ಲೇ ಓಡಿಸಾಡಿಕೊಂಡಿರುತ್ತವೆ. ಎರಡೇ ಬಿಟ್ಟರೆ ಏಂಜೆಲ್‌ನ ಉದ್ದ ರೆಕ್ಕೆ, ಫೈಟರ್‌ನ ಬಾಲ ಕಚ್ಚಿ ಕಚ್ಚಿ ಹರಿಯುತ್ತವೆ. ಹರಿದ ಅಂಚು ಬೆಳ್ಳಗಾಗಿ ಕೊಳೆಯತೊಡಗುತ್ತದೆ, ಅಂಗಡಿಯವರು ನೀಲಿ ಔಷಧಿ ಕೊಡುತ್ತಾರೆ, ಕಚ್ಚುವ ಮೀನು ಮಾತ್ರ ಒಳಗೇ ಇರುತ್ತದೆ. ಗಂಡು ಗಪ್ಪಿಯ ಬಣ್ಣದ ಬಾಲ ಕಂಡರೆ ಫೈಟರ್ ಅದನ್ನು ಇನ್ನೊಂದು ಫೈಟರ್ ಎಂದೇ ತಿಳಿದು ಎಗರುತ್ತದೆ. ಗೋಲ್ಡ್ ಫಿಶ್ ಸಾಧು, ಆದರೆ ಬಕಾಸುರ. ಅದರ ಹೊಲಸಿಗೆ 45 ಲೀಟರ್ ಸಾಲದು. ತಣ್ಣೀರಿನ ಮೀನಾದ್ದರಿಂದ ಮಂಗಳೂರಿನ ಬೇಸಿಗೆಯಲ್ಲಿ ಇನ್ನೂ ಕಷ್ಟ.

ಹಾಗಾದರೆ ಯಾವುದು? ಮೊದಲು ನಲ್ಲಿ ನೋಡಿ. ಬೋರ್‌ವೆಲ್ ನೀರು, ಬಕೆಟ್ಟಿನಲ್ಲಿ ಬಿಳಿ ಕರೆ ಕಟ್ಟುತ್ತದೆ ಎಂದರೆ ಗಡಸು ನೀರು: ಗಪ್ಪಿ, ಪ್ಲಾಟಿಗೆ ಅದೇ ಹಿತ. ಆರೇಳು ಗಂಡು ಗಪ್ಪಿ ಮಾತ್ರ ತನ್ನಿ. ಹೆಣ್ಣು ಸೇರಿಸಿದರೆ ತಿಂಗಳಿಗೊಮ್ಮೆ ಮರಿಗಳ ಸಂತೆ. ಕಾವೇರಿ ನೀರಿನಂಥ ಮೆದು ನೀರಿದ್ದರೆ ಎಂಟು ನಿಯಾನ್ ಟೆಟ್ರಾ, ತಳದಲ್ಲಿ ಆರು ಕೋರಿಡೋರಸ್ ಎಂಬ ಪುಟ್ಟ ಮೀಸೆ ಮೀನು. ಕೋರಿಗೆ ಚೂಪು ಕಲ್ಲು ಬೇಡ, ಮೀಸೆ ಸವೆಯುತ್ತದೆ; ತೊಳೆದ ಸಣ್ಣ ಮರಳು ಹಾಕಿ, ಉಪ್ಪು ಹಾಕಬೇಡಿ. ನಿಯಾನ್ ಇದ್ದರೆ ಬೆಂಗಳೂರಿನ ಡಿಸೆಂಬರಿಗೆ 50 ವಾಟ್ ಹೀಟರ್ ಬೇಕು, 25 ಡಿಗ್ರಿಗೆ ಇಡಿ. ಹೀಟರ್ ರಗಳೆ ಬೇಡ ಎನ್ನುವವರಿಗೆ ನಮ್ಮ ದೇಶದ್ದೇ ಮೀನಾದ ಜೀಬ್ರಾ ಡೇನಿಯೊ ಎಂಟು. ನನ್ನ ಮಟ್ಟಿಗೆ ಹೊಸಬರಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಮುಚ್ಚಳ ಮಾತ್ರ ಹಾಕಿಡಿ, ಎಗರುತ್ತವೆ. ಬರೀ ಆರ್‌ಓ ನೀರು ತುಂಬಿಸಬೇಡಿ. ಖನಿಜಾಂಶವಿಲ್ಲದ ಆ ನೀರಿನಲ್ಲಿ ಪಿಎಚ್ (ನೀರಿನ ಆಮ್ಲ-ಕ್ಷಾರದ ಮಟ್ಟ) ಸ್ಥಿರವಾಗಿ ನಿಲ್ಲುವುದಿಲ್ಲ.

‘ಟೆಟ್ರಾ’ ಅಂದ ಮಾತ್ರಕ್ಕೆ ಎಲ್ಲವೂ ಸಾಧು ಅಲ್ಲ. ಸೆರ್ಪೆ, ವಿಡೋ ಎರಡೂ ಬಾಲ ಕಚ್ಚುತ್ತವೆ. ಗುಲಾಬಿ, ನೀಲಿ ಬಣ್ಣ ಹಾಕಿ ಮಾರುವ ವಿಡೋ ಟೆಟ್ರಾ ಮುಟ್ಟಲೇಬೇಡಿ.

ಕಾಂಬೊದ ಇನ್ನೊಂದು ತಪ್ಪು, ಟ್ಯಾಂಕ್ ಮತ್ತು ಮೀನು ಒಂದೇ ದಿನ ಮನೆಗೆ ಬರುವುದು. ಹೊಲಸಿನಿಂದ ಹುಟ್ಟುವ ಅಮೋನಿಯಾವನ್ನು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಫಿಲ್ಟರಿನಲ್ಲಿ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಅಷ್ಟರೊಳಗೆ ಹನ್ನೆರಡು ಮೀನು ಬಿಟ್ಟರೆ ಅಮೋನಿಯಾ ವಿಷಕ್ಕೆ ಮೇಲ್ಮೈಗೆ ಬಂದು ಬಾಯಿ ಬಾಯಿ ಬಿಡುತ್ತವೆ. ನೀರು ಮಾತ್ರ ಕನ್ನಡಿಯ ಹಾಗೆ ತಿಳಿಯಾಗಿರುತ್ತದೆ, ಅದಕ್ಕೇ ಕಾರಣ ಹೊಳೆಯುವುದಿಲ್ಲ. ಚಾಲ್ತಿಯಲ್ಲಿರುವ ಆರೋಗ್ಯವಂತ ಟ್ಯಾಂಕಿನ ಹಳೇ ಸ್ಪಾಂಜ್ ಸಿಕ್ಕರೆ ನಿಮ್ಮ ಫಿಲ್ಟರಿಗೆ ಸೇರಿಸಿ, ಕಾಯುವ ವಾರಗಳು ತಗ್ಗುತ್ತವೆ. ಸ್ಪಾಂಜನ್ನು ನಲ್ಲಿ ಕೆಳಗೆ ತೊಳೆದರೆ ಕ್ಲೋರಿನ್‌ಗೆ ಬ್ಯಾಕ್ಟೀರಿಯಾ ಸಾಯುತ್ತವೆ, ಟ್ಯಾಂಕಿನಿಂದ ತೆಗೆದ ನೀರಿನಲ್ಲೇ ಹಿಂಡಿ. ವಾರಕ್ಕೊಮ್ಮೆ 10-12 ಲೀಟರ್ ಬದಲಿಸಿ, ಹೊಸ ನೀರಿಗೆ ಆಂಟಿ ಕ್ಲೋರಿನ್ ಹಾಕಿ.

ಕೊಳ್ಳುವಾಗ ಕಾಂಬೊದಿಂದ ಮೀನು ತೆಗೆಸಿ, ಆ ದುಡ್ಡಿಗೆ ಏರ್ ಪಂಪ್, ಸ್ಪಾಂಜ್ ಫಿಲ್ಟರ್, ಅಮೋನಿಯಾ, ನೈಟ್ರೈಟ್ ಟೆಸ್ಟ್ ಕಿಟ್ ಕೇಳಿ; ಬಹಳಷ್ಟು ಅಂಗಡಿಗಳಲ್ಲಿ ಒಪ್ಪುತ್ತಾರೆ. ಟೆಸ್ಟಿನಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಏರಿ ಮತ್ತೆ ಸೊನ್ನೆಗೆ ಇಳಿದ ಮೇಲೆ ಅರ್ಧ ಗುಂಪು, ಎರಡು ವಾರ ಬಿಟ್ಟು ಉಳಿದರ್ಧ. ತರುವ ಮೊದಲು ಅಂಗಡಿಯಲ್ಲೇ ಒಂದು ಚಿಟಿಕೆ ಆಹಾರ ಹಾಕಿಸಿ. ಓಡಿ ಬಂದು ತಿನ್ನದ ಮೀನು, ರೆಕ್ಕೆ ಮಡಚಿಕೊಂಡು ಮೂಲೆಯಲ್ಲಿ ನಿಂತ ಮೀನು ಅಗ್ಗಕ್ಕೆ ಕೊಟ್ಟರೂ ಬೇಡ.