ಗುಂಪಿನಲ್ಲಿ ಬರೆದದ್ದು, ತೋಟದಲ್ಲಿ ಉದುರಿದ್ದು

ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಅಡಿಕೆ ಕಳ್ಳರ ಫೋಟೊ ಹಂಚುವವರು ಇದನ್ನು ದಯವಿಟ್ಟು ಓದಬೇಕು. ಕೊಯ್ಲು ಹತ್ತಿರ ಬಂದಾಗಲೆಲ್ಲ ಇಂಥ ಫೋಟೊಗಳ ಹಾವಳಿ ಶುರುವಾಗುತ್ತದೆ.

ಕಳೆದ ವರ್ಷ ನಮ್ಮ ಊರಿನ ಗುಂಪಿಗೂ ಒಂದು ಬಂದು ಬಿತ್ತು. ರಸ್ತೆಯ ಬದಿಯಲ್ಲಿ ಬೈಕು, ಅದರ ಮೇಲೆ ಗೋಣಿಚೀಲ, ಪಕ್ಕದಲ್ಲಿ ಒಬ್ಬ ಮನುಷ್ಯ. ‘ಅಡಿಕೆ ಕಳ್ಳ, ಗುರುತು ಸಿಕ್ಕವರು ತಿಳಿಸಿ’ ಎಂಬ ಒಕ್ಕಣೆ. ಯಾರು ತೆಗೆದದ್ದು, ಎಲ್ಲಿಂದ ಬಂದದ್ದು ಎಂದು ಒಬ್ಬರೂ ಕೇಳಲಿಲ್ಲ. ನನ್ನ ಭಾವಮೈದುನ ಊಟ ಮುಗಿಸಿ ಮಂಚದ ಮೇಲೆ ಅಡ್ಡಾಗಿ, ಫೋಟೊದಲ್ಲಿದ್ದವನ ಹೆಸರು, ಊರು ಎರಡನ್ನೂ ಬರೆದ. ಸಾಲದ್ದಕ್ಕೆ ‘ಕಂಬಕ್ಕೆ ಕಟ್ಟಿ ನಾಲ್ಕು ಬಿಟ್ಟರೆ ಸರಿಯಾಗುತ್ತಾನೆ’ ಎಂದು ಸೇರಿಸಿ ಮೂರು ನಗುವ ಮುಖ ಅಂಟಿಸಿದ. ಮನೆಗೆ ಅಪರಿಚಿತರು ಬಂದರೂ ‘ಆಸರಿಗೆ (ಕುಡಿಯಲು) ಏನು ಬೇಕು’ ಎಂದು ಕೇಳದೆ ಬಿಡದ ಹುಡುಗ ಇವನು!

ಪರದೆಯ ಮುಂದೆ ಮನುಷ್ಯನ ನಾಲಿಗೆಗೆ ಲಗಾಮು ಏಕೆ ತಪ್ಪುತ್ತದೆ ಎಂಬುದನ್ನು ಮನೋವಿಜ್ಞಾನಿ ಜಾನ್ ಸುಲರ್ 2004ರಲ್ಲೇ ವಿವರಿಸಿದ್ದಾರೆ. ಎದುರಿನವರ ಮುಖ ಕಾಣುವುದಿಲ್ಲ, ಉತ್ತರ ಕೂಡಲೇ ಬರುವುದಿಲ್ಲ, ನಾವು ಯಾರೆಂದು ಗೊತ್ತಾಗುವುದಿಲ್ಲ. ಈ ಕೊನೆಯ ಕಾರಣ ನಮ್ಮವನಿಗೆ ಬೇಕೇ ಆಗಲಿಲ್ಲ. ಸ್ವಂತ ಹೆಸರು, ಸ್ವಂತ ಫೋಟೊ ಇಟ್ಟುಕೊಂಡೇ ಬರೆದಿದ್ದ.

ಫೋಟೊದಲ್ಲಿದ್ದ ಆ ಮನುಷ್ಯ ಕೊನೆಗೌಡ, ಅಂದರೆ ಮರ ಹತ್ತಿ ಅಡಿಕೆ ಗೊನೆ ಇಳಿಸುವವ. ಚೀಲದಲ್ಲಿದ್ದದ್ದು ಮರ ಹತ್ತುವ ಹಗ್ಗ, ಕತ್ತಿ, ಊಟದ ಡಬ್ಬಿ. ಬೆಳಿಗ್ಗೆ ಯಾರೋ ಹೇಳಿದ ಮೇಲೆ ಭಾವಮೈದುನ ಬರೆದದ್ದನ್ನು ಅಳಿಸಿದ. ಅಷ್ಟರಲ್ಲಿ ಅದರ ಸ್ಕ್ರೀನ್‌ಶಾಟ್ ಘಟ್ಟ ಇಳಿದು ಕುಮಟಾ ತಲುಪಿತ್ತು. ಕೊನೆಗೌಡನನ್ನು ಕೊನೆ ಇಳಿಸಲು ಕರೆದಿದ್ದವರು ಒಬ್ಬೊಬ್ಬರಾಗಿ ‘ಈ ವಾರ ಬೇಡ’ ಎಂದರು.

ಆತ ಠಾಣೆಗೆ ಹೋದ. ನಮ್ಮನ್ನೂ ಕರೆಸಿದರು. ಮುಖ್ಯಪೇದೆಯವರು ಮುದ್ರಿಸಿದ ಹಾಳೆಯನ್ನು ಕಡತದಿಂದ ತೆಗೆದು, ಪಂಚನಾಮೆ ಓದುವ ಧಾಟಿಯಲ್ಲಿ ಗಟ್ಟಿಯಾಗಿ ಓದಿದರು. ಕಂಬ, ನಾಲ್ಕು ಬಿಡುವುದು, ಕೊನೆಗೆ ‘ನಗುವ ಮುಖ, ನಗುವ ಮುಖ, ನಗುವ ಮುಖ’. ಅದೇ ಬೆಂಚಿನ ಇನ್ನೊಂದು ತುದಿಯಲ್ಲಿ ಕೊನೆಗೌಡ ಕುಳಿತಿದ್ದ. ಭಾವಮೈದುನನ ಕಣ್ಣು ಚಪ್ಪಲಿಯ ಬಾರು ಬಿಟ್ಟು ಮೇಲೇಳಲಿಲ್ಲ.

‘66ಎ ರದ್ದಾಗಿದೆಯಲ್ಲ, ಬರೆದರೆ ಏನು ಮಾಡುತ್ತಾರೆ’ ಎಂಬ ಪಾಂಡಿತ್ಯ ನಮ್ಮಲ್ಲಿ ಬಹಳ. ಆನ್‌ಲೈನ್‌ನಲ್ಲಿ ಆಕ್ಷೇಪಾರ್ಹವಾಗಿ ಬರೆದವರಿಗೆ ಸಜೆ ಹೇಳುತ್ತಿದ್ದ, ಮಾಹಿತಿ ತಂತ್ರಜ್ಞಾನ ಕಾಯ್ದೆಯ ಆ ಕಲಮನ್ನು ಸುಪ್ರೀಂ ಕೋರ್ಟ್ 24 ಮಾರ್ಚ್ 2015ರಂದು ರದ್ದುಪಡಿಸಿದ್ದು ನಿಜ. ಆದರೆ 1 ಜುಲೈ 2024ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂ ಮಾನಹಾನಿಗೆ ಎರಡು ವರ್ಷದವರೆಗೆ ಸಜೆ ಹೇಳುತ್ತದೆ. ಬೆದರಿಕೆಗೆ 351 ಬೇರೆ ಇದೆ. ಕೊನೆಗೌಡ ದೊಡ್ಡ ಮನಸ್ಸು ಮಾಡಿ ರಾಜಿಗೆ ಒಪ್ಪಿದ್ದರಿಂದ ನಾವು ಮನೆಗೆ ಬಂದೆವು. ಗುಂಪಿನಲ್ಲಿ ಕ್ಷಮೆ ಕೇಳಿ ಬರೆದದ್ದೂ ಆಯಿತು. ಅದನ್ನು ಮಾತ್ರ ಯಾರೂ ಕುಮಟಾಕ್ಕೆ ಕಳಿಸಲಿಲ್ಲ.

ರಾಜಿ ಠಾಣೆಗೆ ಸಾಕು, ತೋಟಕ್ಕೆ ಸಾಲದು. ನಮ್ಮಿಬ್ಬರ ತೋಟ ಒಟ್ಟಿಗಿದೆ. ಸುತ್ತಲಿನ ಒಬ್ಬ ಕೊನೆಗೌಡನೂ ಬರಲು ಒಪ್ಪಲಿಲ್ಲ. ಕೆಂಪಡಿಕೆಗೆ ಹಸಿರು ಕಾಯನ್ನೇ ಇಳಿಸಿ ಬೇಯಿಸಬೇಕು. ಅದು ಯಾರ ಮುನಿಸೂ ತಣಿಯುವವರೆಗೆ ಕಾಯುವುದಿಲ್ಲ. ಮರದಲ್ಲೇ ಹಣ್ಣಾಯಿತು, ಉದುರಿತು, ಒಣಗಿ ಗೋಟಾಯಿತು. ರಾಶಿ ಎನ್ನುವ ಕೆಂಪಡಿಕೆಯ ದರಕ್ಕೂ ಗೋಟಿನ ದರಕ್ಕೂ ಇರುವ ಅಂತರ ಅಡಿಕೆ ಬೆಳೆಗಾರರಿಗೆ ನಾನು ಹೇಳಬೇಕಾಗಿಲ್ಲ.

ಆದರೂ ನಾವು ಅಗ್ಗದಲ್ಲೇ ಪಾರಾದೆವು. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳರೆಂಬ ವಾಟ್ಸಾಪ್ ವದಂತಿಗೆ ಹೈದರಾಬಾದಿನ ಎಂಜಿನಿಯರ್ ಒಬ್ಬರು ಬಲಿಯಾದರು. ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಚಾಟ್‌ಗಳಿಗಷ್ಟೇ ದಾಟಿಸಬಹುದೆಂಬ ಮಿತಿಯನ್ನು ವಾಟ್ಸಾಪ್ ಪ್ರಕಟಿಸಿದ್ದೂ ಅದೇ ತಿಂಗಳು.

ನಿಮ್ಮ ಫೋಟೊವೇ ಹೀಗೆ ತಿರುಗುತ್ತಿದ್ದರೆ ಗುಂಪಿನಲ್ಲಿ ವಾದಕ್ಕೆ ಇಳಿಯಬೇಡಿ. ದಿನಾಂಕ, ಕಳಿಸಿದವರ ನಂಬರು ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದುಕೊಂಡು ಠಾಣೆಗೆ ಹೋಗಿ. ನಮ್ಮ ಕೊನೆಗೌಡ ಮಾಡಿದ್ದು ಅಷ್ಟೇ. ಈ ಸಲ ನಮ್ಮ ತೋಟಕ್ಕೆ ದೂರದ ಊರಿನವರನ್ನು ಗೊತ್ತು ಮಾಡಿದ್ದೇವೆ. ಮುಂಗಡ ಕೊಡಬೇಕಾಯಿತು, ಕೂಲಿಯೂ ದುಬಾರಿ. ಹೆಚ್ಚಾದ ಮೊತ್ತವನ್ನು ಭಾವಮೈದುನನ ಲೆಕ್ಕಕ್ಕೆ ಬರೆದಿದ್ದೇನೆ.