4ಕೆ ಬ್ಲೂ-ರೇ, ದೀರ್ಘ ಬಳಕೆಯ ವಿಮರ್ಶೆ: ಡಿಸ್ಕ್ ಗಟ್ಟಿ, ಚಿಂತೆಯೆಲ್ಲ ಪ್ಲೇಯರ್‌ದು

ಚಿತ್ರಕ್ಕೆ ಐದಕ್ಕೆ ಐದು. ಧ್ವನಿಗೂ ಐದು. ಬಳಸುವ ಸಲೀಸಿಗೆ ಎರಡೂವರೆ. ಮುಂದಿನ ಹತ್ತು ವರ್ಷದ ಭರವಸೆಗೆ ಮೂರು, ಅದೂ ಪ್ಲೇಯರ್ ವಿಚಾರದಲ್ಲಿ ಮುಂಚೆಯೇ ಎಚ್ಚರ ವಹಿಸಿದವರಿಗೆ ಮಾತ್ರ. 2016ರಲ್ಲಿ ಬಂದ 4ಕೆ ಅಲ್ಟ್ರಾ ಎಚ್‌ಡಿ ಬ್ಲೂ-ರೇ ಎಂಬ ಸಿನಿಮಾ ಡಿಸ್ಕ್‌ಗೆ ಇಷ್ಟು ಕಾಲದ ಬಳಕೆಯ ನಂತರ ಕೊಡಬಹುದಾದ ಅಂಕಪಟ್ಟಿ ಇದು. ‘ಡಿಸ್ಕ್ ಕಾಲ ಮುಗಿಯಿತಲ್ಲವೇ’ ಎಂದು ಕೇಳುವವರ ಕಣ್ಣು ಅಂಗಡಿಯ ಖಾಲಿ ಕಪಾಟಿನ ಮೇಲಿರುತ್ತದೆ. ಅಚ್ಚಾದ ಡಿಸ್ಕ್ ಎಲ್ಲಿಗೂ ಓಡಿಹೋಗುವುದಿಲ್ಲ. ಅದನ್ನು ಓದುವ ಯಂತ್ರ ಮಾಡುವವರು ಒಬ್ಬೊಬ್ಬರಾಗಿ ಕೈಬಿಡುತ್ತಿದ್ದಾರೆ, ತೊಂದರೆ ಇರುವುದು ಅಲ್ಲಿ.

ಡಿವಿಡಿಯ ಎರಡು ಪದರ ಸೇರಿ ಹಿಡಿಯುವುದು 8.5 ಜಿಬಿ, ಬ್ಲೂ-ರೇಯದು 50 ಜಿಬಿ. 4ಕೆ ಡಿಸ್ಕ್‌ಗಳು ಹೆಚ್ಚಾಗಿ 66 ಅಥವಾ 100 ಜಿಬಿಯವು. 100 ಜಿಬಿ ಡಿಸ್ಕ್‌ನಿಂದ ಸೆಕೆಂಡಿಗೆ 128 ಮೆಗಾಬಿಟ್‌ವರೆಗೆ ಓದಬಹುದು. ಒಟಿಟಿಯ 4ಕೆ ಸಾಮಾನ್ಯವಾಗಿ 15ರಿಂದ 25ರೊಳಗೆ ಮುಗಿಯುತ್ತದೆ. ಹಾಡಹಗಲಿನ ದೃಶ್ಯದಲ್ಲಿ ಈ ಅಂತರ ಅಷ್ಟಾಗಿ ಕಾಣದು. ಕತ್ತಲ ಕೋಣೆ, ಹೊಗೆ, ಮಂಜು, ಮಳೆ, ಹಳೆಯ ಫಿಲ್ಮ್‌ನ ಗ್ರೇನ್ (ಸಣ್ಣ ಕಾಳಿನಂಥ ಚುಕ್ಕೆಗಳು) ಬಂದಾಗ ನೋಡಿ: ಒಟಿಟಿಯಲ್ಲಿ ಕಪ್ಪು ಭಾಗ ಚೌಕ ಚೌಕವಾಗಿ ಒಡೆಯುತ್ತದೆ, ಆಕಾಶದಲ್ಲಿ ಬಣ್ಣ ಪಟ್ಟೆ ಪಟ್ಟೆಯಾಗುತ್ತದೆ. ಡಿಸ್ಕ್‌ನಲ್ಲಿ ಅದು ಅಪರೂಪ. ಹಾಗೆಂದು ಎಲ್ಲ 4ಕೆ ಡಿಸ್ಕ್‌ಗಳೂ ಅಪ್ಪಟ 4ಕೆ ಅಲ್ಲ. ಎಷ್ಟೋ ಸಿನಿಮಾಗಳ ಅಂತಿಮ ಮಾಸ್ಟರ್ (ಮೂಲ ಪ್ರತಿ) ಅದಕ್ಕಿಂತ ಕಡಿಮೆ ವಿವರದ 2ಕೆಯಲ್ಲೇ ಆಗಿರುತ್ತದೆ, ಅದನ್ನೇ ಹಿಗ್ಗಿಸಿ ಡಿಸ್ಕ್ ಮಾಡಿರುತ್ತಾರೆ. ಅಂಥವುಗಳಲ್ಲಿ ಲಾಭ ಎಚ್‌ಡಿಆರ್ (ಕತ್ತಲು-ಬೆಳಕಿನ ಹಿಗ್ಗಿದ ವ್ಯಾಪ್ತಿ) ಮತ್ತು ಬಣ್ಣದ್ದು, ವಿವರದ್ದಲ್ಲ. 43 ಇಂಚಿನ ಟಿವಿಯನ್ನು ಮೂರು ಮೀಟರ್ ದೂರದಿಂದ ನೋಡುವವರಿಗೆ ಸಾಧಾರಣ ಬ್ಲೂ-ರೇಯೇ ಧಾರಾಳ ಸಾಕು.

ಧ್ವನಿಯ ವ್ಯತ್ಯಾಸ ಇನ್ನೂ ದೊಡ್ಡದು. ಒಟಿಟಿಯ ಆಟ್ಮಾಸ್ (ತಲೆಯ ಮೇಲಿನಿಂದಲೂ ಕೇಳಿಸುವ ಸುತ್ತುಧ್ವನಿ) ಬರುವುದು ಡಾಲ್ಬಿ ಡಿಜಿಟಲ್ ಪ್ಲಸ್ ಎಂಬ ಕುಗ್ಗಿಸಿದ ರೂಪದ ಮೂಲಕ, ಹೆಚ್ಚೆಂದರೆ ಸೆಕೆಂಡಿಗೆ 768 ಕಿಲೋಬಿಟ್ ಆಸುಪಾಸು. ಡಿಸ್ಕ್‌ನ ಟ್ರೂಎಚ್‌ಡಿ ಯಾವುದನ್ನೂ ಕತ್ತರಿಸದ ಧ್ವನಿ, 18 ಮೆಗಾಬಿಟ್‌ವರೆಗೆ ಹೋಗಬಲ್ಲದು. ಒಳ್ಳೆಯ ಸ್ಪೀಕರ್ ಇಟ್ಟುಕೊಂಡು ಒಟಿಟಿ ಮಾತ್ರ ನೋಡುವವರು ಆ ಸ್ಪೀಕರ್‌ಗೆ ಅರ್ಧ ಹೊಟ್ಟೆ ಊಟ ಹಾಕುತ್ತಿದ್ದಾರೆ.

ಆದರೆ ಪ್ಲೇಯರನ್ನು ಡಬ್ಬದಿಂದ ತೆಗೆದು ಸಿಕ್ಕಿಸಿದ ಮಾತ್ರಕ್ಕೆ ಇದೆಲ್ಲ ಬರುವುದಿಲ್ಲ. ಟಿವಿಯ ಎಚ್‌ಡಿಎಂಐ ಪೋರ್ಟ್‌ಗಳು ಬಹಳಷ್ಟು ಸಲ ಹಳೆಯ ಮೋಡ್‌ನಲ್ಲೇ ಇರುತ್ತವೆ. ಸೆಟ್ಟಿಂಗ್ಸ್‌ನಲ್ಲಿ ಆ ಪೋರ್ಟ್‌ಗೆ ‘ಎನ್‌ಹ್ಯಾನ್ಸ್ಡ್’ ಅಥವಾ ‘ಡೀಪ್ ಕಲರ್’ ಆನ್ ಮಾಡದಿದ್ದರೆ ಎಚ್‌ಡಿಆರ್ ಸಿಗದು. ಕೇಬಲ್ 18 ಗಿಗಾಬಿಟ್ ಹೊರುವಂಥದ್ದಿರಲಿ. ಚಿತ್ರ ಕ್ಷಣ ಹೊತ್ತು ಕಪ್ಪಾಗಿ ಮತ್ತೆ ಬರುತ್ತಿದ್ದರೆ ಮೊದಲ ಅನುಮಾನ ಕೇಬಲ್ ಮೇಲೆ. ಪ್ಲೇಯರ್‌ನಲ್ಲಿ 24ಪಿ (ಸಿನಿಮಾದಂತೆ ಸೆಕೆಂಡಿಗೆ 24 ಚೌಕಟ್ಟು) ಔಟ್‌ಪುಟ್ ಆನ್ ಇರಲಿ, ಟಿವಿಯಲ್ಲಿ ಚಲನೆಯನ್ನು ಕೃತಕವಾಗಿ ನಯ ಮಾಡುವ ಮೋಷನ್ ಸ್ಮೂದಿಂಗ್ ಆಫ್ ಆಗಲಿ. ಸೋನಿಯ ಎಕ್ಸ್700ರಂಥ ಮಾದರಿಗಳಲ್ಲಿ ಡಾಲ್ಬಿ ವಿಷನ್ (ದೃಶ್ಯದಿಂದ ದೃಶ್ಯಕ್ಕೆ ಹೊಂದಿಕೊಳ್ಳುವ ಎಚ್‌ಡಿಆರ್) ಡಿಸ್ಕ್ ಹಾಕಿದಾಗ ಅದನ್ನು ಕೈಯಾರೆ ಆನ್ ಮಾಡಬೇಕು, ಸಾಮಾನ್ಯ ಎಚ್‌ಡಿಆರ್10 ಡಿಸ್ಕ್‌ಗೆ ಮತ್ತೆ ಆಫ್ ಮಾಡಬೇಕು. ಮರೆತರೆ ಬಣ್ಣ ಎಡವಟ್ಟು. ಪ್ಯಾನಸಾನಿಕ್‌ನ ಯುಬಿ820 ಇದನ್ನು ತಾನೇ ನೋಡಿಕೊಳ್ಳುತ್ತದೆ. ಬೆಳಕು ಕಡಿಮೆ ಇರುವ ಟಿವಿ, ಪ್ರೊಜೆಕ್ಟರ್‌ಗಳಿಗೆ ಅದರ ಎಚ್‌ಡಿಆರ್ ಆಪ್ಟಿಮೈಸರ್ ನಿಜಕ್ಕೂ ಉಪಕಾರಿ.

ಸ್ಪೀಕರ್‌ಗಳಿಗೆ ಧ್ವನಿ ಹಂಚುವ ರಿಸೀವರ್‌ನ ಡಿಸ್‌ಪ್ಲೇಯಲ್ಲಿ ಆಟ್ಮಾಸ್ ಎಂದು ಬರಬೇಕಾದಲ್ಲಿ ಬರೀ ಡಾಲ್ಬಿ ಡಿಜಿಟಲ್ ಎಂದು ಬರುತ್ತಿದೆಯೇ? ಹತ್ತರಲ್ಲಿ ಒಂಬತ್ತು ಸಲ ಅಪರಾಧಿ ಪ್ಲೇಯರ್‌ನ ‘ಸೆಕೆಂಡರಿ ಆಡಿಯೊ’ ಅಥವಾ ‘ಬಿಡಿ ಆಡಿಯೊ ಮಿಕ್ಸ್’. ಮೆನುವಿನ ಕ್ಲಿಕ್ ಸದ್ದು, ಕಾಮೆಂಟರಿಗಳನ್ನು ಮೂಲ ಧ್ವನಿಗೆ ಬೆರೆಸಲು ಪ್ಲೇಯರ್ ಎಲ್ಲವನ್ನೂ ಬಿಚ್ಚಿ ಮತ್ತೆ ಕಟ್ಟುತ್ತದೆ, ಆ ಗದ್ದಲದಲ್ಲಿ ಆಟ್ಮಾಸ್ ಕಳೆದುಹೋಗುತ್ತದೆ. ಅದನ್ನು ಆಫ್ ಮಾಡಿ, ಔಟ್‌ಪುಟ್ ‘ಬಿಟ್‌ಸ್ಟ್ರೀಮ್’ಗೆ (ಧ್ವನಿಯನ್ನು ಬಿಚ್ಚದೆ ಹಾಗೇ ಕಳಿಸುವ ಆಯ್ಕೆ) ಇಡಿ. ಪ್ಲೇಯರನ್ನು ಟಿವಿಗೆ ಹಾಕಿ, ಟಿವಿಯಿಂದ ಸೌಂಡ್‌ಬಾರ್‌ಗೆ ಧ್ವನಿ ಕಳಿಸುವುದಾದರೆ ಎರಡೂ ಕಡೆ ಇಎಆರ್‌ಸಿ (ಟಿವಿಯಿಂದ ಎಚ್‌ಡಿಎಂಐ ಮೂಲಕ ಧ್ವನಿ ಹೊರಗೆ ಕಳಿಸುವ ಎಆರ್‌ಸಿಯ ಸುಧಾರಿತ ರೂಪ) ಬೇಕು, ಬರೀ ಎಆರ್‌ಸಿಯಲ್ಲಿ ಟ್ರೂಎಚ್‌ಡಿ ಹೋಗದು. ರಿಸೀವರ್ ಹಳೆಯದಾಗಿ 4ಕೆ ದಾಟಿಸದಿದ್ದರೆ ಎರಡು ಎಚ್‌ಡಿಎಂಐ ಔಟ್ ಇರುವ ಪ್ಲೇಯರ್ ತೆಗೆದುಕೊಳ್ಳಿ: ಒಂದು ಟಿವಿಗೆ, ಇನ್ನೊಂದು ಬರೀ ಧ್ವನಿಗೆ.

ಎಲ್ಲಕ್ಕಿಂತ ಹೆಚ್ಚು ಬೈಸಿಕೊಳ್ಳುವ ದೋಷವೆಂದರೆ 100 ಜಿಬಿ ಡಿಸ್ಕ್ ನಡುವೆ ನಿಂತುಬಿಡುವುದು. ಇಲ್ಲಿ ಮೂರು ಪದರ ಒಂದರ ಮೇಲೊಂದಿವೆ, ಲೇಸರ್ ಒಂದರಿಂದ ಇನ್ನೊಂದಕ್ಕೆ ಫೋಕಸ್ ಬದಲಿಸಬೇಕು. ಡಿವಿಡಿಯಲ್ಲಿ ಮಾಹಿತಿ ಪದರ ಮೇಲ್ಮೈಯಿಂದ 0.6 ಮಿ.ಮೀ. ಆಳದಲ್ಲಿದ್ದರೆ ಬ್ಲೂ-ರೇಯಲ್ಲಿ 0.1 ಮಿ.ಮೀ. ಅಷ್ಟೆ. ಟ್ರ್ಯಾಕ್‌ಗಳ ನಡುವಣ ಅಂತರವೂ 0.74 ಮೈಕ್ರೊಮೀಟರ್‌ನಿಂದ 0.32ಕ್ಕೆ ಇಳಿದಿದೆ. ಹಾಗಾಗಿ ಡಿವಿಡಿ ಹೊಟ್ಟೆಗೆ ಹಾಕಿಕೊಳ್ಳುತ್ತಿದ್ದ ಬೆರಳಿನ ಕಲೆ ಇಲ್ಲಿ ಸಿನಿಮಾವನ್ನೇ ನಿಲ್ಲಿಸುತ್ತದೆ. ಮೇಲಿನ ಗಟ್ಟಿ ಲೇಪನದಿಂದಾಗಿ ಗೀರು ಸುಲಭಕ್ಕೆ ಬೀಳುವುದಿಲ್ಲ, ಅದೊಂದು ಸಮಾಧಾನ.

ನಿಂತಾಗ ಗಂಟೆ, ನಿಮಿಷ ಬರೆದುಕೊಳ್ಳಿ. ಡಿಸ್ಕನ್ನು ಟ್ಯೂಬ್‌ಲೈಟ್ ಕೆಳಗೆ ಓರೆಯಾಗಿ ಹಿಡಿದು ತಿರುಗಿಸಿ. ಸೀಲ್ ಒಡೆದ ಹೊಸ ಡಿಸ್ಕ್‌ನಲ್ಲೂ ಮಸುಕಾದ ಮೋಡದಂಥ ಕಲೆ, ಕವರಿನ ಪುಡಿ ಕಾಣುವುದುಂಟು. ಡಿಸ್ಟಿಲ್ಡ್ ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ, ಮೈಕ್ರೊಫೈಬರ್ ಬಟ್ಟೆಯಿಂದ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ, ಪೂರ್ತಿ ಒಣಗಿಸಿ ಹಾಕಿ. ಸುತ್ತು ಸುತ್ತಾಗಿ ಉಜ್ಜಲೇಬೇಡಿ. ನಡುವಿನಿಂದ ಅಂಚಿಗೆ ಬಿದ್ದ ಅಡ್ಡ ಗೀರು ಪ್ರತಿ ಟ್ರ್ಯಾಕನ್ನೂ ಒಂದಿಷ್ಟೇ ಕೆಡಿಸುತ್ತದೆ, ದೋಷ ತಿದ್ದುವ ಲೆಕ್ಕಾಚಾರ ಅದನ್ನು ತುಂಬಿಕೊಳ್ಳುತ್ತದೆ. ಸುತ್ತು ಸುತ್ತಾದ ಟ್ರ್ಯಾಕ್ ಗುಂಟ ಬಿದ್ದ ಗೀರು ಉದ್ದಕ್ಕೂ ಮಾಹಿತಿ ನುಂಗುತ್ತದೆ. ಥಿನ್ನರ್, ಟಿಶ್ಯೂ ಪೇಪರ್ ಬೇಡ. ಡಿವಿಡಿಗೆಂದು ಇರುವ ಪಾಲಿಶ್ ಯಂತ್ರಗಳಂತೂ ಬ್ಲೂ-ರೇಯ ಲೇಪನವನ್ನೇ ಕೆರೆದು ಹಾಕುತ್ತವೆ. ತೊಳೆದ ಮೇಲೂ ಅದೇ ನಿಮಿಷಕ್ಕೆ ನಿಂತರೆ ಇನ್ನೊಂದು ಪ್ಲೇಯರ್‌ನಲ್ಲಿ ಹಾಕಿ ನೋಡಿ. ಅಲ್ಲೂ ಅಲ್ಲೇ ನಿಂತರೆ ಡಿಸ್ಕ್ ದೋಷ, ವಾಪಸ್ ಕೊಡಿ. ಬೇರೆ ಬೇರೆ ಡಿಸ್ಕ್‌ಗಳು ಬೇರೆ ಬೇರೆ ಕಡೆ ನಿಲ್ಲತೊಡಗಿದರೆ ಪ್ಲೇಯರ್‌ನ ಲೆನ್ಸ್‌ಗೆ ಧೂಳು ಕೂತಿದೆ, ಇಲ್ಲವೇ ಲೇಸರ್ ಸೋಲುತ್ತಿದೆ. ಅದಕ್ಕೇ ಹೊಸ ಡಿಸ್ಕನ್ನು ವಾಪಸಿನ ಗಡುವಿನೊಳಗೆ ಒಮ್ಮೆ ಪೂರ್ತಿ ನೋಡಿ ಮುಗಿಸಿ, ಸೀಲ್ ಸಮೇತ ಕಪಾಟಿಗೇರಿಸಬೇಡಿ.

ಇನ್ನು ಮುಂದಿನ ದಿನಗಳ ಮಾತು. ಬ್ಲೂ-ರೇಗೆ ಎದುರಾಳಿಯಾಗಿದ್ದ ಎಚ್‌ಡಿ ಡಿವಿಡಿಯನ್ನು ತೋಷಿಬಾ 2008ರಲ್ಲಿ ಕೈಬಿಟ್ಟಾಗ ಬ್ಲೂ-ರೇ ಗೆದ್ದಿತು. ಗೆದ್ದವರ ಸಾಲು ಈಗ ತೆಳುವಾಗಿದೆ: ಒಪ್ಪೊ 2018ರಲ್ಲಿ ಹಿಂದೆ ಸರಿಯಿತು, ಸ್ಯಾಮ್‌ಸಂಗ್ 2019ರಲ್ಲಿ, 2024ರ ಕೊನೆಗೆ ಎಲ್‌ಜಿಯ ಪ್ಲೇಯರ್‌ಗಳೂ ನಿಂತವು. ಉಳಿದ ದೊಡ್ಡ ಹೆಸರು ಪ್ಯಾನಸಾನಿಕ್ ಮತ್ತು ಸೋನಿ, ಜೊತೆಗೆ ಮ್ಯಾಗ್ನೆಟಾರ್‌ನಂಥ ಸಣ್ಣ, ದುಬಾರಿ ಬ್ರ್ಯಾಂಡ್‌ಗಳು. 2025ರ ಫೆಬ್ರುವರಿಯಲ್ಲಿ ಸೋನಿ ಬ್ಲೂ-ರೇ ತಯಾರಿಕೆ ನಿಲ್ಲಿಸಿತು ಎಂಬ ಸುದ್ದಿಗೆ ಹಲವರು ಗಾಬರಿಯಾದರು. ನಿಂತದ್ದು ನಾವು ಬರೆಯುವ ಖಾಲಿ ಡಿಸ್ಕ್. ಸಿನಿಮಾ ಡಿಸ್ಕ್ ಅಚ್ಚು ಹಾಕುವುದು ಬೇರೆಯೇ ಕೆಲಸ, ಅದಕ್ಕೂ ಇದಕ್ಕೂ ಸಂಬಂಧವಿಲ್ಲ.

ಗೇಮ್ ಕನ್ಸೋಲ್‌ನಲ್ಲೇ ಸಾಗಿಸೋಣ ಎನ್ನುವವರಿಗೆ ಒಂದು ಮಾತು: ಪಿಎಸ್5 ಆಗಲಿ ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಆಗಲಿ ಡಿಸ್ಕ್‌ನಿಂದ ಡಾಲ್ಬಿ ವಿಷನ್ ಕೊಡುವುದಿಲ್ಲ. ಪಿಎಸ್5ಗೆ ಬೇರೆಯಾಗಿ ಸಿಗುವ ಡ್ರೈವ್ ಜೋಡಿಸುವಾಗ ಇಂಟರ್ನೆಟ್ ಬೇಕೇ ಬೇಕು. ಇಂಟರ್ನೆಟ್‌ನ ಹಂಗಿಲ್ಲದೆ ನೋಡುವುದಕ್ಕೇ ಡಿಸ್ಕ್ ಕೊಳ್ಳುವವರಿಗೆ ಇದು ತಮಾಷೆಯಂತೆ ಕಂಡೀತು. ಕಂಪ್ಯೂಟರ್‌ನ ಕಥೆ ಇನ್ನೂ ಕೆಟ್ಟದು: ಅಧಿಕೃತ ಸಾಫ್ಟ್‌ವೇರ್‌ನಲ್ಲಿ 4ಕೆ ಡಿಸ್ಕ್ ನೋಡಲು ಇಂಟೆಲ್ ಪ್ರೊಸೆಸರ್‌ನ ಎಸ್‌ಜಿಎಕ್ಸ್ ಎಂಬ ಸುರಕ್ಷತಾ ವ್ಯವಸ್ಥೆ ಬೇಕಿತ್ತು, 11ನೇ ತಲೆಮಾರಿನ ಪ್ರೊಸೆಸರ್‌ನಿಂದ ಇಂಟೆಲ್ ಅದನ್ನೇ ಕಿತ್ತು ಹಾಕಿತು. ಹೊಸ ಕಂಪ್ಯೂಟರ್ ನೆಚ್ಚಿಕೊಳ್ಳಬೇಡಿ.

ಇಷ್ಟಾದರೂ ಡಿಸ್ಕ್ ಬಿಡದಿರಲು ಕಾರಣ ಚಿತ್ರ ಮಾತ್ರವಲ್ಲ. ಆನ್‌ಲೈನ್‌ನಲ್ಲಿ ‘ಕೊಂಡ’ ಸಿನಿಮಾ ಬರೀ ಪರವಾನಗಿ, ಒಪ್ಪಂದ ಮುಗಿದರೆ ಕಣ್ಮರೆ. ಕ್ಯಾಲಿಫೋರ್ನಿಯಾದಲ್ಲಿ 2025ರಿಂದ ಇದು ಬರೀ ಪರವಾನಗಿ ಎಂದು ಮಾರುವಾಗಲೇ ಗ್ರಾಹಕರಿಗೆ ತಿಳಿಸಬೇಕೆಂಬ ಕಾನೂನೇ ಇದೆ. ಹಾಗೆಂದು ಡಿಸ್ಕ್ ಚಿರಂಜೀವಿಯೂ ಅಲ್ಲ. ವಾರ್ನರ್‌ನ 2006ರಿಂದ 2008ರ ನಡುವಿನ ಕೆಲವು ಡಿವಿಡಿಗಳು ಒಳಗೊಳಗೇ ಹಾಳಾಗಿವೆ, ಅದನ್ನು ಕಂಪನಿಯೇ 2025ರಲ್ಲಿ ಒಪ್ಪಿಕೊಂಡಿದೆ. ಆ ಕಾಲದವು ನಿಮ್ಮಲ್ಲಿದ್ದರೆ ಒಂದೊಂದನ್ನೂ ಕೊನೆಯವರೆಗೆ ಓಡಿಸಿ ನೋಡಿ. ಡಿಸ್ಕ್‌ಗಳನ್ನು ಪುಸ್ತಕದಂತೆ ನೆಟ್ಟಗೆ, ಬಿಸಿಲು ಬೀಳದ, ತೇವವಿಲ್ಲದ ಕಡೆ ಇಡಿ. ತರಿಸಿಕೊಳ್ಳುವಾಗ ರೀಜನ್ (ಯಾವ ದೇಶಗಳ ಪ್ಲೇಯರ್‌ನಲ್ಲಿ ಓಡುತ್ತದೆ ಎಂಬ ಗುರುತು) ನೋಡಿ: ಡಿವಿಡಿ, ಬ್ಲೂ-ರೇಗಳಿಗೆ ಈ ಬೇಲಿ ಉಂಟು, 4ಕೆ ಡಿಸ್ಕ್‌ಗೆ ಇಲ್ಲ. ಆದರೆ 4ಕೆ ಡಬ್ಬದೊಳಗೆ ಉಚಿತವಾಗಿ ಬರುವ ಸಾಧಾರಣ ಬ್ಲೂ-ರೇಗೆ ಇರಬಹುದು.

ಈಗ ಕೊಳ್ಳುವವರು ಎರಡು ಪ್ಲೇಯರ್ ಲೆಕ್ಕ ಹಾಕಿಕೊಳ್ಳುವುದು ವಾಸಿ, ಎರಡನೆಯದು ಅಗ್ಗದ್ದಾದರೂ ಸರಿ. ಹೊಸ ಡಿಸ್ಕ್‌ಗಳ ಗೂಢಲಿಪಿ ಕೀಲಿಗಳು ಆಗಾಗ ಬದಲಾಗುವುದರಿಂದ ಹಳೆಯ ಫರ್ಮ್‌ವೇರ್‌ನಲ್ಲಿ (ಪ್ಲೇಯರ್ ಒಳಗಿನ ಸಾಫ್ಟ್‌ವೇರ್) ಅವು ಓಡದಿರಬಹುದು. ಕೊನೆಯ ಫರ್ಮ್‌ವೇರ್ ಫೈಲನ್ನು ಕಂಪನಿಯ ಪುಟ ಇರುವಾಗಲೇ ಇಳಿಸಿ ಜೋಪಾನವಾಗಿಡಿ. ಹಾಕುವಾಗ ಆ ಜಿಪ್ ಫೈಲನ್ನು ಬಿಚ್ಚಿ, ಫ್ಯಾಟ್32 ಮಾದರಿಗೆ ಫಾರ್ಮ್ಯಾಟ್ ಮಾಡಿದ ಪೆನ್ ಡ್ರೈವ್‌ನಲ್ಲಿ ಯಾವ ಫೋಲ್ಡರ್‌ಗೂ ಸೇರಿಸದೆ ಇಡಬೇಕು, ನಡುವೆ ಕರೆಂಟ್ ಹೋಗದಂತೆ ನೋಡಿಕೊಳ್ಳಬೇಕು. ಎತ್ತಿಟ್ಟ ಪ್ಲೇಯರನ್ನು ಎರಡು ಮೂರು ತಿಂಗಳಿಗೊಮ್ಮೆ ಆನ್ ಮಾಡಿ, ಟ್ರೇಯನ್ನು ನಾಲ್ಕಾರು ಸಲ ಹೊರಗೆ ಒಳಗೆ ಆಡಿಸಿ. ಸುಮ್ಮನೆ ಕೂತ ಯಂತ್ರಗಳಲ್ಲಿ ಲೇಸರ್‌ಗಿಂತ ಮೊದಲು ಕೈಕೊಡುವುದು ಟ್ರೇ ಎಳೆಯುವ ಆ ಸಣ್ಣ ರಬ್ಬರ್ ಬೆಲ್ಟ್.