ಸಕಲೇಶಪುರ, ಮೂಡಿಗೆರೆ ಕಡೆ ‘ಆಕ್ಟಿವಿಟಿ ಸೇರಿ’ ಪ್ಯಾಕೇಜ್ ಬುಕ್ ಮಾಡುವ ಮೊದಲು ಇದನ್ನು ಓದಿ

ಮಕ್ಕಳಿಗೆ ರಜೆ ಬಂತೆಂದರೆ ಮೊಬೈಲ್ ತುಂಬ ರೆಸಾರ್ಟ್ ಜಾಹೀರಾತು. ರೂಮು, ಊಟ, ಜೊತೆಗೆ ಜಿಪ್‌ಲೈನ್ (ಬೆಲ್ಟ್ ಕಟ್ಟಿಕೊಂಡು ತಂತಿಯ ಮೇಲೆ ಜಾರುವ ಆಟ), ಕಯಾಕಿಂಗ್ (ಚಿಕ್ಕ ದೋಣಿಯಲ್ಲಿ ಹುಟ್ಟು ಹಾಕುವುದು), ಬರ್ಮಾ ಬ್ರಿಡ್ಜ್ (ಹಗ್ಗದ ಸೇತುವೆ), ಜೀಪ್ ರೈಡ್, ಕ್ಯಾಂಪ್‌ಫೈರ್, ಎಲ್ಲ ಸೇರಿ ತಲೆಗೆ ಇಷ್ಟು ಅಂತ. ಮುಂಗಡ ಕಳಿಸುವ ಮೊದಲು ಒಂದು ಪ್ರಶ್ನೆ ಕೇಳಿ, ದಯವಿಟ್ಟು. ಈ ಆಟಗಳನ್ನು ನೋಡಿಕೊಳ್ಳಲು ಅಂತಲೇ ಜನ ಇದ್ದಾರಾ? ಇಲ್ಲ, ಬೆಳಿಗ್ಗೆ ತಿಂಡಿ ಬಡಿಸಿದ ಹುಡುಗನೇ ಬಂದು ಬೆಲ್ಟ್ ಕಟ್ಟುತ್ತಾನಾ?

ನಾವು ಹೋದ ಕಡೆ ಹಾಗೇ ಆಯಿತು. ರೆಸಾರ್ಟ್ ಹೆಸರು ಇಲ್ಲಿ ಬರೆಯುವುದಿಲ್ಲ, ದೂರು ಕೊಟ್ಟಿದ್ದೇವೆ. ನಾವು ಹಾಸನದವರು, ಅಕ್ಕ ಭಾವ ಮಕ್ಕಳ ಜೊತೆ ಬೆಂಗಳೂರಿನಿಂದ ಬಂದಿದ್ದರು, ಅಮ್ಮನೂ ಇದ್ದರು. ಮೇ ತಿಂಗಳು. ಮಲೆನಾಡಿನಲ್ಲಿ ಆ ಹೊತ್ತಿಗೆ ಬೆಳಿಗ್ಗೆ ಬಿಸಿಲು, ಮಧ್ಯಾಹ್ನದ ಮೇಲೆ ಗುಡುಗು ಮಳೆ, ಇದು ಇಲ್ಲಿ ಎಲ್ಲರಿಗೂ ಗೊತ್ತಿರುವ ವಿಷಯ ಅಲ್ವಾ. ಆದರೆ ಅವರು ಕೊಟ್ಟ ಪಟ್ಟಿಯಲ್ಲಿ ಬೆಳಿಗ್ಗೆ ಕೇರಂ ಮತ್ತು ತೋಟ ಸುತ್ತಾಟ, ಜಿಪ್‌ಲೈನ್ ಮತ್ತು ಕೆರೆಯಲ್ಲಿ ಕಯಾಕಿಂಗ್ ಎರಡೂ ಊಟದ ಹೊತ್ತಿನಿಂದ ಆಚೆಗೆ. ಸ್ವಲ್ಪ ಯೋಚನೆ ಮಾಡುವವರು ಇದನ್ನು ತಿರುಗಿಸಿ ಇಡುತ್ತಿದ್ದರು. ಮಳೆ ಬಂದರೆ ಏನು ಮಾಡ್ತೀರಿ ಅಂತ ಕೇಳಿದರೆ, "ನಿಂತ ಮೇಲೆ ಮಾಡಿಸ್ತೀವಿ ಸಾರ್" ಅಂದರು. ಗುಡುಗು ನಿಂತ ಮೇಲೂ ಅರ್ಧ ಗಂಟೆ ಕಾಯಬೇಕು. ನೀರಿನ ಹತ್ತಿರ, ಕಬ್ಬಿಣದ ತಂತಿಯ ಹತ್ತಿರ ಯಾರೂ ಇರಬಾರದು. ಅದನ್ನು ಹೇಳುವವರೇ ಅಲ್ಲಿರಲಿಲ್ಲ.

ಮೊದಲು ಜಿಪ್‌ಲೈನ್. ಅಕ್ಕನ ಮಗಳಿಗೆ ಎಂಟು ವರ್ಷ. ದೊಡ್ಡವರ ಬೆಲ್ಟನ್ನೇ ಅವಳಿಗೆ ಹಾಕಿ, ಸಡಿಲವಾದ ಕಡೆ ಗಂಟು ಹಾಕಿದರು. ತೊಡೆಯ ಪಟ್ಟಿ ಜೋತಾಡುತ್ತಿತ್ತು. ಹೆಲ್ಮೆಟ್ ಹಣೆ ಮೇಲಿಂದ ಜಾರಿ ಕಣ್ಣು ಮುಚ್ಚುತ್ತಿತ್ತು. ತಂತಿಗೆ ಸಿಕ್ಕಿಸುವ ಹಗ್ಗ ಒಂದೇ. ಒಂದು ಬಿಟ್ಟರೂ ಇನ್ನೊಂದು ಹಿಡಿಯಲಿ ಅಂತ ಎರಡು ಇರಬೇಕು. ಒಬ್ಬರು ಕಟ್ಟಿದ್ದನ್ನು ಇನ್ನೊಬ್ಬರು ಮುಟ್ಟಿ ನೋಡಿದ ಮೇಲೆಯೇ ಬಿಡಬೇಕು. ನಾನು ಮಗುವನ್ನು ಕೆಳಗೆ ಇಳಿಸಿಕೊಂಡೆ. ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಅವನಿಗೆ ಯಾರೂ ಕಲಿಸಿರಲಿಲ್ಲ, ಅಡುಗೆಮನೆಯಿಂದ ಕರೆ ಬಂದರೆ ಅಲ್ಲಿಗೂ ಓಡಬೇಕಿತ್ತು ಪಾಪ.

ಆಮೇಲೆ ಕೆರೆ. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಹೊರಗಿನಿಂದ ಬರುವವರಿಗೆ ಇದು ಗೊತ್ತಿರುವುದಿಲ್ಲ. ಕಾಫಿ ತೋಟದ ಕೆರೆಗಳನ್ನು ಆಟಕ್ಕೆ ಅಂತ ತೋಡಿಸಿರುವುದಿಲ್ಲ. ಫೆಬ್ರವರಿ, ಮಾರ್ಚ್‌ನಲ್ಲಿ ಕಾಫಿ ಹೂವಾಗಲು ಸ್ಪ್ರಿಂಕ್ಲರ್ ಹೊಡೆಯಬೇಕಲ್ಲ, ಆ ನೀರಿಗೆ ತೋಡಿಸಿದ್ದು. ಹಾಗಾಗಿ ದಡ ಕಡಿದಾಗಿ ಇರುತ್ತದೆ, ಕಾಲಿಟ್ಟ ಕೂಡಲೇ ಆಳ, ಅಂಚಿನಲ್ಲಿ ಜಾರುವ ಕೆಂಪು ಮಣ್ಣು. ಈಜು ಬಂದವರಿಗೂ ಹತ್ತಿ ಬರುವುದು ಕಷ್ಟ. ನನ್ನ ತಮ್ಮನಿಗೆ ಈಜು ಬರುವುದಿಲ್ಲ, ಅದನ್ನು ಅವನು ಮೊದಲೇ ಹೇಳಿದ್ದ. ಕೊಟ್ಟ ಲೈಫ್ ಜಾಕೆಟ್‌ನಲ್ಲಿ ಒಂದು ಬಕಲ್ ಮುರಿದಿತ್ತು, ಉಳಿದದ್ದು ಗಟ್ಟಿಯಿದೆ ಅಂತ ಹೇಳಿ ಕಳಿಸಿದರು. ಕಯಾಕ್ ಮಗುಚಿದಾಗ ಜಾಕೆಟ್ ಮೇಲೆ ಎದ್ದು ಅವನ ಬಾಯಿ ಮೂಗು ಮುಚ್ಚಿಬಿಟ್ಟಿತು. ದಡದಲ್ಲಿ ರೆಸಾರ್ಟ್‌ನವರು ಒಬ್ಬರೂ ಇಲ್ಲ, ಊಟ ಬಡಿಸಲು ಹೋಗಿದ್ದರು. ಅವನು ಕೂಗಲೂ ಇಲ್ಲ. ಮುಳುಗುವವರಿಗೆ ಕೂಗಲು ಉಸಿರೇ ಇರುವುದಿಲ್ಲ, ಅದಕ್ಕೇ ನೀರಿನ ಹತ್ತಿರ ಕಣ್ಣಿಟ್ಟುಕೊಂಡು ಒಬ್ಬರು ಕೂತಿರಲೇಬೇಕು. ನಮ್ಮ ಕೂಗು ಕೇಳಿ ಪಕ್ಕದ ತೋಟದಲ್ಲಿ ಕೆಲಸ ಮಾಡುತ್ತಿದ್ದವರು ಸ್ಪ್ರಿಂಕ್ಲರ್ ಪೈಪ್ ಹಿಡಿದು ಓಡಿ ಬಂದು, "ಅಣ್ಣಾ, ಪೈಪ್ ಹಿಡ್ಕೊಳಿ, ಬಿಡ್ಬೇಡಿ" ಅಂತ ಕೂಗುತ್ತ ಎಳೆದು ಹಾಕಿದರು. ಅವರಿಗೆ ಎಷ್ಟು ಕೈಮುಗಿದರೂ ಸಾಲದು.

ತಮ್ಮ ಈಗ ಆರಾಮಾಗಿದ್ದಾನೆ. ಆದರೆ ಅವತ್ತು ನೀರು ಕುಡಿದಿದ್ದ, ಕೆಮ್ಮು ನಿಲ್ಲುತ್ತಿರಲಿಲ್ಲ. ರೆಸಾರ್ಟ್‌ನಲ್ಲಿ ಪ್ರಥಮ ಚಿಕಿತ್ಸೆ ಗೊತ್ತಿರುವವರು ಇರಲಿಲ್ಲ, ಫೋನ್‌ಗೆ ಸಿಗ್ನಲ್ ಇರಲಿಲ್ಲ. ನಮ್ಮ ಕಾರಿನಲ್ಲೇ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ನೀರು ಕುಡಿದವರನ್ನು ಎಚ್ಚರವಾಗಿದ್ದಾರೆ ಅಂತ ಸುಮ್ನೆ ಮಲಗಿಸಬೇಡಿ, ಉಸಿರಾಟದ ತೊಂದರೆ ಕೆಲವು ಗಂಟೆ ಬಿಟ್ಟು ಬರಬಹುದು. ಸಿಗ್ನಲ್ ಇದ್ದರೆ 108ಕ್ಕೆ ಫೋನ್ ಮಾಡಿ.

ಮ್ಯಾನೇಜರ್ ಭಾವನಿಗೆ ಹೇಳಿದ್ದು ಒಂದೇ ಮಾತು: "ನೀವೇ ಸೈನ್ ಹಾಕಿದ್ದೀರಲ್ಲ ಸಾರ್." ಚೆಕ್-ಇನ್‌ನಲ್ಲಿ ರಿಜಿಸ್ಟರ್ ಜೊತೆ ಇಟ್ಟ ಕಾಗದ ಅದು, ಏನೇ ಆದರೂ ನಾವು ಹೊಣೆಯಲ್ಲ ಅಂತ ಬರೆದಿತ್ತು. ಅಂಥ ಸಹಿ ಹಾಕಿದರೆ ದೂರು ಕೊಡುವ ಹಕ್ಕು ಹೋಗುವುದಿಲ್ಲ. 1915 ಗ್ರಾಹಕ ಸಹಾಯವಾಣಿಗೆ ಕರೆ ಮಾಡಬಹುದು. 2019ರ ಗ್ರಾಹಕ ರಕ್ಷಣಾ ಕಾಯ್ದೆ ಪ್ರಕಾರ ನಿಮ್ಮ ಊರಿನ ಜಿಲ್ಲಾ ಗ್ರಾಹಕರ ಆಯೋಗದಲ್ಲೇ ದೂರು ಹಾಕಬಹುದು, ರೆಸಾರ್ಟ್ ಇರುವ ಜಿಲ್ಲೆಗೆ ಅಲೆಯಬೇಕಿಲ್ಲ. ಮುರಿದ ಬಕಲ್, ಗಂಟು ಹಾಕಿದ ಬೆಲ್ಟ್, ಆಕ್ಟಿವಿಟಿ ಪಟ್ಟಿ, ಎಲ್ಲದರ ಫೋಟೋ ಅಕ್ಕ ತೆಗೆದಿದ್ದಳು, ಅದೇ ಈಗ ಕೈ ಹಿಡಿದಿದೆ.

ಬುಕ್ ಮಾಡುವಾಗ ಕೇಳಿ: ನೀರಿನ ಹತ್ತಿರ ಯಾರು ಇರುತ್ತಾರೆ, ಅವರಿಗೆ ಈಜು ಬರುತ್ತಾ, ಮಕ್ಕಳ ಅಳತೆಯ ಬೆಲ್ಟ್ ಇದೆಯಾ, ಗುಡುಗು ಬಂದರೆ ಏನು ವ್ಯವಸ್ಥೆ. ಉತ್ತರ ವಾಟ್ಸಾಪ್‌ನಲ್ಲಿ ಬರೆಸಿಕೊಳ್ಳಿ. ಹೋದ ಮೇಲೆ ಲೈಫ್ ಜಾಕೆಟ್ ಹಾಕಿ, ಹೆಗಲ ಹತ್ತಿರ ಹಿಡಿದು ಮೇಲಕ್ಕೆ ಎಳೆದು ನೋಡಿ. ಕಿವಿವರೆಗೆ ಬಂದರೆ ನೀರಿಗೆ ಇಳಿಯಬೇಡಿ, ದುಡ್ಡು ಕೊಟ್ಟಾಗಿದೆ ಅಂತ ಸಂಕೋಚ ಬೇಡ.

ರೆಸಾರ್ಟ್‌ನವರು ದುಡ್ಡು ವಾಪಸ್ ಕೊಡದೆ ಇನ್ನೊಂದು ಸಲ ಬಂದು ಉಳಿಯಲು ಕೂಪನ್ ಕೊಡುತ್ತೇವೆ ಅಂದರು, ಭಾವ ಬೇಡ ಅಂದರು. ದೂರಿಗೆ ಇನ್ನೂ ಉತ್ತರ ಬಂದಿಲ್ಲ. ಬಂದ ಕೂಡಲೇ ಬರೆಯುತ್ತೇನೆ.